ಐದನೇ ಲೆವೆಲ್‌ನ ಮೈಲುತುತ್ತ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ದೂರದಿಂದ ಬಂದಿರುವ ಭೂಗರ್ಭಶಾಸ್ತ್ರದ ಮೇಡಂ ಅವರೇ, ಗಣಿಯಲ್ಲಿ ನನ್ನೊಂದಿಗೆ ಬೆವರು ಸುರಿಸಿದ ಸಭಿಕರೇ, ಎಲ್ಲರೂ ಕ್ಷೇಮವೇ? ಲಿಫ್ಟ್ ಮೇಸ್ತ್ರಿಗಳೇ, ಮಂಡಿನೋವು ಹೇಗಿದೆ? ದೀಪದ ಕೋಣೆಯ ಅಕ್ಕಾ, ಕಣ್ಣಿನ ಆಪರೇಷನ್ ಆಯಿತಂತೆ. ಈಗ ನನ್ನ ಮುಖ ಸ್ಪಷ್ಟವಾಗಿ ಕಾಣುತ್ತಿದ್ದರೆ ಅದಕ್ಕೆ ನಾನು ಜವಾಬ್ದಾರನಲ್ಲ.

ನನ್ನ ಕಲ್ಲುಗಳಿಗೆ ಒಂದು ಕೋಣೆಯನ್ನೇ ಕೊಟ್ಟು, ಬಾಗಿಲ ಮೇಲೆ ನನ್ನ ಹೆಸರು ಬರೆಸಿದ್ದೀರಿ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನಿಗೆ ಇನ್ನೇನು ಬೇಕು? ಆದರೆ ಆ ಕೋಣೆಯಲ್ಲಿ ಒಂದು ಕಲ್ಲಿಗೆ ಅಂಟಿಸಿದ ಚೀಟಿ ತಪ್ಪು. ಬರೆದವನು ನಾನೇ.

ನಡುವಿನ ಗಾಜಿನ ಪೆಟ್ಟಿಗೆಯ ನೀಲಿ ಕಲ್ಲನ್ನು ನೋಡಿದಿರಲ್ಲ, ಅದು ಮೈಲುತುತ್ತ. ಅಂಗಡಿಯಲ್ಲಿ ಸಿಗುವ ಪುಡಿ ಕಾರ್ಖಾನೆಯದು. ನೆಲದೊಳಗೆ ತಾನಾಗಿಯೇ ಬೆರಳುದ್ದದ ಹರಳು ಕಟ್ಟುವುದು ಬಲು ಅಪರೂಪ. ತಾಮ್ರದ ಅದಿರಿನ ಮೇಲೆ ನೀರು ಜಿನುಗಬೇಕು, ಹರಿಯಬಾರದು, ಗಾಳಿ ಒಣಗಿರಬೇಕು. ಅಂಥ ಜಾಗವಿರುವುದು ಯಾರೂ ಓಡಾಡದ ಹಳೆಯ ಸುರಂಗಗಳಲ್ಲಿ. ನಾನು ತಂದ ಮೊದಲ ತುಂಡನ್ನು ನನ್ನ ಹೆಂಡತಿ ಅಕ್ಕರೆಯಿಂದ ತೊಳೆದಳು. ಬಕೆಟ್ಟಿನಲ್ಲಿ ನೀಲಿ ನೀರಷ್ಟೇ ಉಳಿಯಿತು. ಎರಡು ದಿನ ಮಾತು ಬಿಟ್ಟೆ. ಅವಳಿಗೆ ಆರಾಮವೇ ಆಯಿತಂತೆ.

ಕಲ್ಲು ಕೂಡಿಡುವ ನಮ್ಮಂಥವರಿಗೆ ಒಂದು ಕೆಟ್ಟ ಚಾಳಿ. ಕಲ್ಲು ತೋರಿಸುತ್ತೇವೆ, ಸಿಕ್ಕ ಜಾಗ ಹೇಳುವುದಿಲ್ಲ. ಇನ್ನೊಬ್ಬರು ಹೋಗಿ ಕಿತ್ತಾರೆಂದು ಚೀಟಿಯಲ್ಲಿ ಬೇಕೆಂದೇ ಬೇರೆ ಜಾಗ ಬರೆಯುತ್ತೇವೆ. ಐದನೇ ಲೆವೆಲ್‌ನ ಸುರಂಗದಲ್ಲಿ ಸಿಕ್ಕಿದ್ದನ್ನು ನಾನು ಎರಡು ಅಂತಸ್ತು ಮೇಲಿನ ಮೂರನೇ ಲೆವೆಲ್ ಎಂದು ಬರೆದೆ.

ನನ್ನ ತಮ್ಮನನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಗಣಿಯ ಕಬ್ಬಿಣದ ಏಣಿಗಳೆಲ್ಲ ಅವನ ಹೊಣೆ. ಒಂದು ಸಂಜೆ ಊಟಕ್ಕೆ ಬಂದವನು ನನ್ನ ಕಲ್ಲುಗಳ ಕಪಾಟಿನ ಮುಂದೆ ನಿಂತು, ಈ ನೀಲಿ ಕಲ್ಲನ್ನು ತೋರಿಸಿ ಕೇಳಿದ:

“ಅಣ್ಣಾ, ನಿಜ ಹೇಳು. ಇದು ಮೂರರಲ್ಲೇ ಸಿಕ್ಕಿದ್ದಾ?”

“ಚೀಟಿ ಓದೋಕೆ ಬರಲ್ವೇನೋ?” ಎಂದೆ.

“ಈ ಕಲ್ಲು ಕಟ್ಟೋ ನೀಲಿ ನೀರು ಇಳಿದ ಕಡೆ ಕಬ್ಬಿಣ ಉಳಿಯಲ್ಲ ಕಣಣ್ಣಾ. ಮೇಲೆ ಕೆಸರು ಕೂತು ಗಟ್ಟಿಯಾಗೇ ಕಾಣುತ್ತೆ. ತಟ್ಟಿ ನೋಡಿದ್ರೇನೇ ಒಳಗೆ ಟೊಳ್ಳು ಅಂತ ಗೊತ್ತಾಗೋದು.”

ಆಗಲೇ ಹೇಳಬೇಕಿತ್ತಲ್ಲವೇ? ಹೇಳಬೇಕಿತ್ತು. ಆದರೆ ಐದರಲ್ಲಿ ಇದಕ್ಕಿಂತ ದೊಡ್ಡ ಗೊಂಚಲೊಂದನ್ನು ನೋಡಿಟ್ಟಿದ್ದೆ. ಭಾನುವಾರ ಅದನ್ನು ತಂದು, ಸೋಮವಾರ ಹೇಳಿದರಾಯಿತು ಎಂದುಕೊಂಡೆ. ಅವನು ನನ್ನ ಚೀಟಿಯನ್ನು ನಂಬಿದ. ಮೂರನೇ ಲೆವೆಲ್‌ನ ಏಣಿಗಳನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ತಟ್ಟುತ್ತ ಮೂರು ದಿನ ಕಳೆದ. ಗುರುವಾರ ಪಂಪು ಕೆಟ್ಟಿದೆಯೆಂದು ಕರೆ ಬಂತು, ಐದಕ್ಕೆ ಇಳಿದ. ಏಣಿ ಮುರಿಯಿತು, ಅವನು ಜೀವಂತ ಮೇಲೆ ಬರಲಿಲ್ಲ.

ವಿಚಾರಣೆ ಮಾಡಿದವರು ಅವನದೇ ಅಜಾಗರೂಕತೆ ಎಂದು ಬರೆದರು. ಏಣಿಯವನೇ ಏಣಿ ನೋಡಿಕೊಳ್ಳಲಿಲ್ಲವಂತೆ ಎಂದು ಚಹಾದಂಗಡಿಯಲ್ಲಿ ಆಡಿಕೊಂಡರು. ನಾನೂ ಅಲ್ಲೇ ಕೂತಿದ್ದೆ, ತಲೆ ತಗ್ಗಿಸಿಕೊಂಡು. ತಮ್ಮನ ಹೆಂಡತಿ ಆ ಮಾತು ಕೇಳಲಾರದೆ ಮಗಳನ್ನು ಕರೆದುಕೊಂಡು ಊರು ಬಿಟ್ಟಳು. ಇಪ್ಪತ್ತೆರಡು ವರ್ಷದಿಂದ ತಪ್ಪದೆ ಕಾಗದ ಬರೆಯುತ್ತಾಳೆ. “ಭಾವನವರೇ, ಅವರು ಯಾಕೆ ಆವತ್ತು ನೋಡದೆ ಕಾಲಿಟ್ಟರು?” ಎಂದು ಒಮ್ಮೆ ಕೇಳಿದ್ದಳು. ನಾನು ಉತ್ತರದಲ್ಲಿ ಮಗಳ ಓದು ಹೇಗೆ ನಡೆದಿದೆ ಎಂದು ವಿಚಾರಿಸಿದೆ.

ಅಧ್ಯಕ್ಷರೇ, ಬಾಗಿಲ ಮೇಲಿನ ನನ್ನ ಹೆಸರು ಇಳಿಸಿದರೂ ಬೇಸರವಿಲ್ಲ. ಚೀಟಿಯಲ್ಲಿ ಮಾತ್ರ ಐದನೇ ಲೆವೆಲ್ ಎಂದು ಬರೆಸಿ. ಅಲ್ಲಿ ಏಣಿ ಮುರಿದದ್ದು ಏಣಿಯವನ ತಪ್ಪಿನಿಂದಲ್ಲ ಎಂದೂ ಬರೆಸಿ.

ಈ ಭಾಷಣದ ಪ್ರತಿಯನ್ನು ಬೆಳಿಗ್ಗೆಯೇ ತಮ್ಮನ ಹೆಂಡತಿಯ ವಿಳಾಸಕ್ಕೆ ಅಂಚೆಗೆ ಹಾಕಿ ಬಂದೆ, ಇಲ್ಲಿ ನಿಂತಾಗ ಧೈರ್ಯ ಕೈಕೊಡಬಾರದೆಂದು. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ, ನಮಸ್ಕಾರ. ಆ ಪ್ರತಿಯನ್ನು ಓದುವ ತಾಯೀ, ನಿನಗೂ ನಮಸ್ಕಾರ. ಭಾವ ಎಂದು ಕರೆಯದಿದ್ದರೂ ಸರಿ, ಬೈದಾದರೂ ಸರಿ, ಒಂದು ಸಾಲು ಬೇಗ ಬರೆ.