ಶಾಸಕರ ಶಾಲು

ಫೋಟೋ ಸ್ಟುಡಿಯೋದಲ್ಲಿ ನನಗಿಂತ ಮುಂದೆ ನಿಂತಿದ್ದವರು, ಹಿಂದಿನ ದಿನ ತೀರಿಕೊಂಡ ಶಾಸಕರ ಹೆಂಡತಿ ಮತ್ತು ತಮ್ಮ. ಶ್ರದ್ಧಾಂಜಲಿ ಬ್ಯಾನರಿಗೆ ಫೋಟೋ ಆರಿಸುತ್ತಿದ್ದರು.

“ಅಣ್ಣ ಮೂರು ಪಕ್ಷ ಸುತ್ತಿದ್ದಾನೆ, ಅತ್ತಿಗೆ. ಒಂದೊಂದು ಫೋಟೋದಲ್ಲಿ ಒಂದೊಂದು ಪಕ್ಷದ ಶಾಲು. ಯಾವ್ದನ್ನ ಹಾಕ್ಸೋಣ?”

“ಯಾವ್ದೂ ಬೇಡ. ಆಸ್ಪತ್ರೇಲಿದ್ದಾಗ ಯಾವ ಪಕ್ಷದ ಒಂದು ನರಪಿಳ್ಳೆಯೂ ಈ ಕಡೆ ತಲೆ ಹಾಕ್ಲಿಲ್ಲ.”

“ಶಾಲಿನ ಬಣ್ಣ ಬದಲಾಯಿಸಿಕೊಡ್ಲಾ, ಅಮ್ಮಾ?” ಎಂದ ಸ್ಟುಡಿಯೋದವನು.

“ಬದುಕಿದ್ದಾಗ ಬದಲಾಯಿಸಿದ್ದೇ ಸಾಕಪ್ಪ.”

ಆಕೆ ಚೀಲದಿಂದ ಮದುವೆಯ ಫೋಟೋ ತೆಗೆದಿಟ್ಟರು.

“ಇದ್ರಲ್ಲಿ ಅಣ್ಣನ್ನ ಯಾರು ಗುರುತು ಹಿಡೀತಾರೆ?”

“ಜನ ಓಟು ಹಾಕಿದ್ದು ಶಾಲಿಗೆ. ಈ ಮುಖಾನ ಕಟ್ಟಿಕೊಂಡವಳು ನಾನು. ಇದನ್ನೇ ಹಾಕ್ಸು.”

ಆಕೆ ಮೆಟ್ಟಿಲಿಳಿಯತೊಡಗಿದರು. ಮೈದುನ ಕೌಂಟರಿನ ಮೇಲೆ ಬಗ್ಗಿದ.

“ಆಳೋ ಪಕ್ಷದ ಶಾಲಿರೋದನ್ನೇ ಹಾಕಪ್ಪ. ಉಪಚುನಾವಣೆಗೆ ನಾನು ನಿಲ್ಬೇಕು.”

ಅಷ್ಟು ಹೇಳಿ, ಅತ್ತಿಗೆಯ ಕೈಹಿಡಿದು ಇಳಿಸಲು ಓಡಿದ.