ಕಪ್ಪಿಗೂ ಒಂದು ಟಿಕೇಟು

ಮುದ್ದೇಬಿಹಾಳ ಡಿಪೋದ ಹಿರಿಯರೆ, ಜೊತೆಗಾರರೆ, ಮುಂದೆ ಕುಳಿತಿರುವ ರಜಾಕನ ಮನೆಯವರಾದ ಇಮಾಮಬಿ ಭಾಬಿ, ಅವನ ಮಗ ತಬ್ರೇಜ — ಎಲ್ಲರಿಗೂ ಶರಣು.

ನಾನು ಶ್ರೀಶೈಲಪ್ಪ, ಬಸವನ ಬಾಗೇವಾಡಿಯವನು. ಕಳೆದ ಶುಕ್ರವಾರ ನಮ್ಮನ್ನಗಲಿದ ಅಬ್ದುಲರಜಾಕ ಕಂಡಕ್ಟರ್ ಆಗಿದ್ದ ಗಾಡಿಗೆ ಹನ್ನೊಂದು ವರ್ಷ ಡ್ರೈವರ್ ಆಗಿದ್ದೆ. ಗೌರವಕ್ಕೆ ‘ಅವರು’ ಎನ್ನಬೇಕು. ಹಾಗೆ ಕರೆದರೆ ಅವನು ಎಲ್ಲಿಂದಲಾದರೂ ಸೀಟಿ ಊದಿಯಾನು. ‘ಅವನು’ ಎಂದೇ ಹೇಳುತ್ತೇನೆ.

ಅವನು ಮುದ್ದೇಬಿಹಾಳದವನು. ಅಂದಮೇಲೆ ನಮ್ಮೆರಡು ಊರಿನ ವಾಲಿಬಾಲ್ ಜಿದ್ದು — ಹೇಳುವುದೇ ಬೇಡ. ಬಾಗೇವಾಡಿಯಲ್ಲಿ ಗಾಡಿ ನಿಂತರೆ ಬಾಗಿಲಿನಿಂದ ಕೂಗುತ್ತಿದ್ದ: “ಇಳೀರಿ, ಸೋತವರ ಊರು ಬಂತು!” ಮುದ್ದೇಬಿಹಾಳ ಬಂದರೆ ನಾನು: “ನೆಟ್ಟಿನ್ಯಾಗ ಬಾಲ್ ಹಾಕವರು ಇಳೀರಪಾ!”

೧೯೯೯ರ ಜನವರಿ. ಮುದ್ದೇಬಿಹಾಳದಲ್ಲಿ ಫೈನಲ್ — ಅವನ ಊರಿಗೂ ನನ್ನ ಊರಿಗೂ. ನಾಲ್ಕು ಗಂಟೆಗೆ ಮೈದಾನದಲ್ಲಿಲ್ಲದ ತಂಡ ಸೋತಂತೆ ಎಂಬ ನಿಯಮ. ಬಾಗೇವಾಡಿಯ ಆಟಗಾರರು ನಮ್ಮ ಗಾಡಿಯನ್ನೇ ಹತ್ತಿದರು. ಹೂವಿನ ಹಿಪ್ಪರಗಿ ದಾಟಿದ್ದೆವು — ಹಿಂದಿನ ಟೈರು ಪಂಕ್ಚರ್. ಗಂಟೆ ಎರಡೂ ಮುಕ್ಕಾಲು. ಎಲ್ಲರೂ ಇಳಿದೆವು. ಜಾಕಿನ ರಾಡು ಅದರ ಜಾಗದಲ್ಲಿ ಇರಲಿಲ್ಲ.

ಆಗ ನಾನು — ಎಲ್ಲರೆದುರು — ಅಂದೆ: “ರಜಾಕ, ಎಲ್ಲಿ ಬಚ್ಚಿಟ್ಟೀದಿ? ತಗಿ.”

ಅವನು ನನ್ನ ಮುಖ ನೋಡಿದ. ಗಾಡಿ ಹತ್ತಿದ. ನನ್ನ ಸೀಟಿನ ಅಡಿಯಿಂದ ರಾಡು ತಂದು ನನ್ನ ಕೈಗಿಟ್ಟ. ಬೆಳಿಗ್ಗೆ ನಾನೇ ಅಲ್ಲಿ ತುರುಕಿ ಮರೆತಿದ್ದೆ. ಎಲ್ಲಿತ್ತೆಂದು ಅವನು ಯಾರಿಗೂ ಹೇಳಲಿಲ್ಲ. ಬಚ್ಚಿಟ್ಟದ್ದನ್ನೇ ತಂದನೆಂದು ಆಟಗಾರರು ತಿಳಿದರು. ನಾನು ತಿದ್ದಲಿಲ್ಲ.

ಅಂಗಿಯ ತೋಳು ಮಡಚಿ ಟೈರಿನ ಪಕ್ಕ — ಹೀಗೆ — ಕುಕ್ಕರಗಾಲಲ್ಲಿ ಕುಳಿತು ಕೂಗಿದ: “ಬಾಲ್ ಎತ್ತವರು ಬರ್ರಿ, ಟೈರ್ ಎತ್ತೂನು! ನೀವು ಬರದಽ ನಾವು ಕಪ್ ಗೆದ್ರ ನಮ್ಮ ಇಮಾಮಬಿ ಅದ್ರಾಗ ಚಾನೂ ಕೊಡಂಗಿಲ್ಲ. ಗ್ರೌಂಡಿಗಿ ಒಯ್ದಽ ಸೋಲಸ್ತೇವಿ!”

ಹತ್ತು ನಿಮಿಷ ಮೊದಲೇ ಮುಟ್ಟಿದೆವು. ಮತ್ತು — ಇಲ್ಲಿ ಹೇಳಬಾರದು — ಬಾಗೇವಾಡಿಯವರು ನಾವು ಗೆದ್ದೆವು.

ಮರಳುವಾಗ ಕಪ್ಪನ್ನು ಒಂದು ಸೀಟಿನ ಮೇಲೆ ಕೂರಿಸಿದ್ದರು. ರಜಾಕ ಅದನ್ನು ಮೇಲಿಂದ ಕೆಳಗೆ ನೋಡಿದ. “ನಮ್ಮೂರ ಕಪ್ಪು. ಪುಕ್ಕಟ ಒಯ್ಯಾಕ ಬಿಡಂಗಿಲ್ಲ.” ಟಿಕೇಟು ಹರಿದು ಕಪ್ಪಿನೊಳಗೆ ಹಾಕಿದ. ದುಡ್ಡು ತನ್ನ ಕಿಸೆಯಿಂದಲೇ ತೆಗೆದು ಚೀಲಕ್ಕೆ ಹಾಕಿಕೊಂಡ.

ಮರುದಿನ ತಪ್ಪಾಯಿತು ಎನ್ನಬೇಕೆಂದು ಬಂದೆ. ಅವನೇ ಮೊದಲು ಬಾಯಿ ತೆರೆದ: “ಶ್ರೀಶೈಲಪ್ಪಾ, ರಾತ್ರಿ ಕಪ್ಪಿಗಿ ನಿದ್ದಿ ಬಂತೇನಪಾ? ಪಾಪ, ಪರಊರು!” ನಕ್ಕುಬಿಟ್ಟೆ. ತಪ್ಪಾಯಿತು ಎಂಬ ಮಾತು ಒಂಬತ್ತು ವರ್ಷ ನನ್ನ ಬಾಯಲ್ಲೇ ಉಳಿಯಿತು.

ಅವಮಾನ ಮಾಡಿದ್ದು ಎಲ್ಲರೆದುರು. ಆದ್ದರಿಂದ ಎಲ್ಲರೆದುರು ಹೇಳುತ್ತೇನೆ. ರಾಡು ಇಟ್ಟವನು ನಾನು. ರಜಾಕ ಅಲ್ಲ — ನಾನು. ಭಾಬಿ, ತಪ್ಪಾಯಿತು.

ಅಂದಿನ ಆಟಗಾರರು ಬಾಗೇವಾಡಿಯಿಂದ ಬಂದು ಬಾಗಿಲಲ್ಲೇ ನಿಂತಿದ್ದಾರೆ. ಏ — ಬಾಗಲಾ ಬಿಡ್ರಿ, ಮುಂದ ಸರೀರಿ, ಜಾಗಾ ಐತಿ!

ಈಗ ಎಲ್ಲರೂ ಎದ್ದು ನಿಲ್ಲೋಣ. ಒಂದು ನಿಮಿಷ ಯಾರೂ ಯಾರ ಊರನ್ನೂ ಹಂಗಿಸುವುದು ಬೇಡ. ಅದಕ್ಕಿಂತ ಹೆಚ್ಚು ಹೊತ್ತು ನಾವು ಸುಮ್ಮನಿದ್ದರೆ ಅವನಿಗೆ ಸೇರುವುದಿಲ್ಲ.