ಆರೋಗ್ಯಮ್ಮನ ಜಪಸರ

ಮಂಡಲ ಪಂಚಾಯ್ತಿ ಚುನಾವಣೆ ಹತ್ತಿರವಿತ್ತು. ಬೊಮ್ಮಸಂದ್ರದ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಕಾಯಿಲೆಯ ಆರೋಗ್ಯಮ್ಮ ಕೂತಿದ್ದಳು. ಚುನಾವಣೆಗೆ ನಿಂತಿದ್ದ ಮಗ ರಾಯಪ್ಪ ಅವಳ ಕತ್ತಿನ ಜಪಸರ ತೆಗೆಯುತ್ತಿದ್ದ.

“ಶಿಲುಬೆ ಕಂಡ್ರೆ ನಮ್ಮ ಜಾತಿಗಿಟ್ಟಿರೋ ಸೀಟು ಓಯ್ತದೆ ಕಣವ್ವ. ಕಿರಸ್ತಾನರಾದ್ರೆ ಕೊಡಕ್ಕಿಲ್ಲ.”

“ತಕ್ಕೊ. ನಾನು ಸತ್ತಾಗಾದ್ರೂ ಫಾದರ್‌ನ ಕರೆಸ್ತೀಯ ತಾನೆ?”

“ಫಾದರ್ರೂ ಬ್ಯಾಡ, ಗೋರಿನೂ ಬ್ಯಾಡ. ಸುಟ್ಬುಡ್ತೀವಿ.”

“ನಿಮ್ಮಪ್ಪನ ಪಕ್ಕ ನಂಗೆ ಜಾಗ ಬಿಟ್ಟವ್ರಲ್ಲೋ.”

“ಅಪ್ಪ ಒಬ್ನೇ ಆರಾಮಾಗವ್ನೆ ಬುಡು.”

“ಓಗ್ಲಿ, ಎಲೆಕ್ಷನ್ ಮುಗಿಯೋಗಂಟ ಉಸುರು ಇಡ್ಕೊಂಡಿರ್ತೀನಿ.”

“ಗೆದ್ರೆ ಐದು ವರ್ಸ ಮೆಂಬರು ಕಣವ್ವ. ಅಲ್ಲಿಗಂಟ ಇಡ್ಕೊಂತೀಯ?”



“ಅಂಗಾದ್ರೆ ನೀನು ಸೋಲ್ಲಿ ಅಂತ ಏಸಪ್ಪನ್ನ ಕೇಳ್ಕೊಬೇಕೇನೋ ಮಗ?”

“ಕೇಳ್ಕೊ. ಮಾರಮ್ಮನ ಗುಡಿ ಮುಂದೆ ಕೈಮುಗಿದು ಕೇಳ್ಕೊ. ನಾಲ್ಕು ಜನ ನೋಡ್ಲಿ.”

ಬಸ್ಸು ಬಂತು. ಅವನು ಜಪಸರವನ್ನು ಜೇಬಿಗಿಳಿಸಿ, ತಾಯಿಯನ್ನು ಮೆಲ್ಲಗೆ ಕೈಹಿಡಿದು ಹತ್ತಿಸಿದ. ಕಿಟಕಿಯ ಪಕ್ಕ ಕೂತ ಮೇಲೆ ಅವಳು ಬರಿಗತ್ತನ್ನು ಸೆರಗಿನಿಂದ ಮುಚ್ಚಿಕೊಂಡಳು.